ನೆರಿಡಾ ಹಾಲು ತರಲು ಹೋದದ್ದು

ಬೇರೆಯವರಿಗೆ ಮೈಮೇಲೆ ದೇವರು ಬಂದರೆ ವಾಂಗರಟ್ಟಾ ಊರಿನ ಟ್ರೆಲೋರ್ ಮನೆಯವರಿಗೆ ಮೈಮೇಲೆ ಬೆಟ್ಟ ಬರುತ್ತಿತ್ತು. ಅಲ್ಲಿ ಚಳಿಗಾಲ ಬೀಳುವ ಜುಲೈ ತಿಂಗಳ ಶಾಲೆ ರಜೆ ಹತ್ತಿರವಾದಂತೆ ಲಕ್ಷಣಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತಿದ್ದವು. ಮನೆಯ ಯಜಮಾನ ಲೌರಿ ತನ್ನ ಟೈರ್ ಅಂಗಡಿಯಲ್ಲಿ ಗಿರಾಕಿಯ ಎದುರಿಗೇ ಮಂಡಿ ಬಗ್ಗಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಿದ್ದ. ಮಧ್ಯಾಹ್ನದವರೆಗೆ ಹಾಸಿಗೆ ಬಿಡದ ಮಗಳು ಟೀಗನ್ ನಸುಕಿಗೇ ಎದ್ದು ಫೋನಿನಲ್ಲಿ ಹಿಮದ ವರದಿ ನೋಡುತ್ತಿದ್ದಳು. ಮಗ ರೀಸ್ ಸ್ಕೀ ಬೂಟು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದ. ಲೌರಿಯ ತಾಯಿ ಬೆರಿಲ್, ಎಪ್ಪತ್ತು ದಾಟಿ ಬಹಳ ಕಾಲವಾದ ಹೆಂಗಸು, ಪಕ್ಕದ ಬೀದಿಯ ತಮ್ಮ ಮನೆಯಿಂದ ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನು ಬಂದೂಕಿನಂತೆ ಹೆಗಲಿಗೇರಿಸಿಕೊಂಡು ನಡೆದೇ ಬಂದು, "ಇನ್ನೂ ಗಾಡಿ ತುಂಬಿಲ್ವಾ?" ಎನ್ನುತ್ತಿದ್ದರು.

ಗಾಡಿ ತುಂಬುವವಳು ನೆರಿಡಾ. ಲೌರಿಯ ಹೆಂಡತಿ, ಊರಿನ ಔಷಧಿ ಅಂಗಡಿಯಲ್ಲಿ ಕೆಲಸ, ಮತ್ತು ಆ ಮನೆಯಲ್ಲಿ ಸ್ಕೀ ಬಾರದ ಏಕೈಕ ಜೀವಿ. (ನಾಯಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅದನ್ನೊಮ್ಮೆ ಹಿತ್ತಲಿನ ಒದ್ದೆ ಹುಲ್ಲಿನ ಮೇಲೆ ಹಲಗೆ ಹತ್ತಿಸಿ ಜಾರಿಸಿದ್ದರು. ಅದು ನೆರಿಡಾಳಿಗಿಂತ ಚೆನ್ನಾಗಿಯೇ ಜಾರಿತೆಂದು ಬೆರಿಲ್ ತೀರ್ಪು ಕೊಟ್ಟಿದ್ದರು.) ಐದು ಜನರ ಬಟ್ಟೆ, ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಕಟ್ಟುವ ಸರಪಳಿ, ಪಾತ್ರೆ, ಕುಂಬಳಕಾಯಿ, ಕುರಿ ಮಾಂಸ ಎಲ್ಲ ತುಂಬಿದ ಮೇಲೆ ಎಲ್ಲಿ ಸಂದಿ ಉಳಿದಿರುತ್ತಿತ್ತೋ ಅಲ್ಲಿ ಅವಳು ತನ್ನನ್ನೂ ತುಂಬಿಕೊಳ್ಳುತ್ತಿದ್ದಳು, ತೊಡೆಯ ಮೇಲೆ ದೊಡ್ಡ ಸೂಪಿನ ಪಾತ್ರೆ ಇಟ್ಟುಕೊಂಡು.

ತಪ್ಪು ಅವಳದ್ದಲ್ಲ, ಮಿಲ್ಡ್ಯೂರಾದ್ದು. ಅವಳು ಹುಟ್ಟಿ ಬೆಳೆದದ್ದು ಅಲ್ಲಿ, ದ್ರಾಕ್ಷಿ ಒಣಗಿಸುವ ಬಿಸಿಲಿನಲ್ಲಿ. ನೆಲ ದೋಸೆಕಲ್ಲಿನಷ್ಟು ಚಪ್ಪಟೆ. ಹಿಮವನ್ನು ಅವಳು ಮದುವೆಗೆ ಮುಂಚೆ ನೋಡಿದ್ದು ತಂದೆಯ ಹಳೆಯ ಫ್ರೀಜರಿನ ಗೋಡೆಯ ಮೇಲೆ ಮಾತ್ರ, ಅದನ್ನೂ ಚಾಕುವಿನಿಂದ ಕೆರೆದು ಆಚೆ ಹಾಕುತ್ತಿದ್ದರು. ಇಂಥವಳಿಗೆ ಮದುವೆಯಾದ ಮೊದಲ ಚಳಿಗಾಲದಲ್ಲಿ ಲೌರಿ ಸ್ವತಃ ಸ್ಕೀ ಕಲಿಸಲು ಹೊರಟ. ಅವನ ಪಾಠಕ್ರಮ ಸರಳವಾಗಿತ್ತು: ಇಳಿಜಾರಿನ ತುದಿಯಲ್ಲಿ ನಿಲ್ಲಿಸಿ, ಬೆನ್ನಿಗೆ ಮೃದುವಾಗಿ ಒಂದು ತಳ್ಳು ಕೊಟ್ಟು, "ಮಂಡಿ ಬಗ್ಗಿಸೂ!" ಎಂದು ಕೂಗುವುದು. ಮಂಡಿ ಬಗ್ಗಿಸಬೇಕಾದದ್ದು ಯಾವ ದಿಕ್ಕಿಗೆ ಎಂದು ಕೇಳುವಷ್ಟರಲ್ಲಿ ನೆರಿಡಾ, ತಂತಿಗೆ ತೂಗಿಕೊಂಡು ಜನರನ್ನು ಮೇಲಕ್ಕೊಯ್ಯುವ ಚೇರ್‌ಲಿಫ್ಟಿಗೆ ಕಾಯುತ್ತಿದ್ದ ಸಾಲನ್ನು ತಲುಪಿಯಾಗಿತ್ತು. ಸಾಲು ಮಲಗಿತು. ಸಾಲಿನ ಕೊನೆಗೆ ಬೆರಿಲ್ ನಿಂತಿದ್ದರು. ಅವರೂ ಮಲಗಿದರು.

ಆವತ್ತು ಸಂಜೆ ನೆರಿಡಾ, "ನಾನು ಲಾಡ್ಜಲ್ಲೇ ಆರಾಮಾಗಿರ್ತೀನಿ, ನೀವು ಹೋಗ್ಬನ್ನಿ" ಎಂದಳು. ಯಾರಾದರೂ "ಛೇ, ಹಾಗೆಲ್ಲ ಆಗಲ್ಲ, ನೀನೂ ಬಾ" ಎನ್ನಲಿ ಎಂದೇ ಹೇಳಿದ ಮಾತು ಅದು. ಆದರೆ ಟ್ರೆಲೋರ್ ಮನೆಯವರು ಹೇಳಿದ್ದನ್ನು ಹೇಳಿದ ಹಾಗೇ ನಂಬುವ ಜನ. ನಂಬಿದರು. ಆಮೇಲೆ ಪ್ರತಿ ವರ್ಷವೂ ನಂಬಿದರು.

ಹಾಗಾಗಿ ಬೆಳಗಿನ ತಿಂಡಿ ಮುಗಿಯುತ್ತಲೇ ಬೆಟ್ಟದಲ್ಲಿ ಅವರು ಇಳಿದುಕೊಳ್ಳುತ್ತಿದ್ದ ಸ್ಕೀ ಕ್ಲಬ್ಬಿನ ಲಾಡ್ಜು ಬರಿದಾಗುತ್ತಿತ್ತು. ಬೇರೆ ಕುಟುಂಬಗಳೂ ಹೊರಟುಹೋಗುತ್ತಿದ್ದವು. ಬೂಟುಗಳ ಟಕಟಕ ಮೆಟ್ಟಿಲಿಳಿದು, ಬಾಗಿಲು ಬಡಿದುಕೊಂಡು, ಕೊನೆಗೆ ಒದ್ದೆ ಬಟ್ಟೆ ಒಣಗಿಸುವ ಕೋಣೆಯ ಯಂತ್ರದ ಗೊರಗೊರ ಒಂದೇ ಉಳಿಯುತ್ತಿತ್ತು. ನೆರಿಡಾ ಪಾತ್ರೆ ತೊಳೆಯುತ್ತಿದ್ದಳು. ಕೈಗವಸುಗಳನ್ನು ಜೋಡಿ ಮಾಡುತ್ತಿದ್ದಳು. ಕಪಾಟಿನಲ್ಲಿದ್ದ ಪತ್ತೇದಾರಿ ಕಾದಂಬರಿಗಳನ್ನೆಲ್ಲ ಓದಿ, ಕೊಲೆಗಾರರೆಲ್ಲ ಯಾರೆಂದು ಗೊತ್ತಾಗಿ, ಅವರಲ್ಲಿ ಕೆಲವರ ಮೇಲೆ ಅವಳಿಗೆ ವಿಶ್ವಾಸವೂ ಬೆಳೆದಿತ್ತು. ಅಡುಗೆಮನೆಯ ಕಿಟಕಿಗೆ ಒಂದು ಕರವಾಂಗ್ ಹಕ್ಕಿ ಬರುತ್ತಿತ್ತು, ಕಾಗೆಗಿಂತ ಗಡವ, ಹಳದಿ ಕಣ್ಣು, ಮಕ್ಕಳ ಚೀಲದ ಜಿಪ್ ತೆಗೆದು ತಿಂಡಿ ಕದಿಯುವ ವಿದ್ಯೆಯಲ್ಲಿ ಪಾರಂಗತ. ಅದಕ್ಕೆ ನೆರಿಡಾ ಆ ದಿನದ ಅಡುಗೆ ಏನೆಂದು ಹೇಳುತ್ತಿದ್ದಳು. ಅದು ತಲೆ ವಾರೆ ಮಾಡಿ ಕೇಳುತ್ತಿತ್ತು. ಅವಳು ಹಾಕಿದ ಬೇಕನ್ ಮಾಂಸದ ಚೂರು ಮುಗಿದ ಕೂಡಲೇ ಅದೂ ಹಾರಿಹೋಗುತ್ತಿತ್ತು.

ಸಂಜೆ ನಾಲ್ವರೂ ಕೆಂಪು ಕೆನ್ನೆ ಹೊತ್ತು ಬರುತ್ತಿದ್ದರು. ಆಗ ಶುರು ಹಿಮದ ವಿಮರ್ಶೆ.

"ಬೆಳಿಗ್ಗೆ ಗಾಜು. ಹತ್ತು ಗಂಟೆ ಮೇಲೆ ಸಕ್ಕರೆ."

"ಸಕ್ಕರೆ ಅಲ್ಲಪ್ಪಾ, ರವೆ."

"ಮಧ್ಯಾಹ್ನ ಪೂರ್ತಿ ಗಂಜಿ."

ಕೊನೆಯ ಮಾತು ಯಾವಾಗಲೂ ಬೆರಿಲ್‌ರದು. ಸೂಪಿನ ಚಮಚ ಕೆಳಗಿಟ್ಟು, "ಎಡಗಡೆ ಮರಗಳ ಕೆಳಗೆ ಹೋಗಿದ್ರಾ? ಅಲ್ಲಿ ಇನ್ನೂ ಹಿಟ್ಟು ಹಿಟ್ಟಾಗಿತ್ತು" ಎಂದರೆ ಮೇಜು ಗೌರವದಿಂದ ಮೌನವಾಗುತ್ತಿತ್ತು. "ಅಜ್ಜಿ ಗ್ರೇಟ್" ಎನ್ನುತ್ತಿದ್ದ ರೀಸ್. "ಊಟಕ್ಕೆ ಬೆಟ್ಟದ ತುದೀಲಿರೋ ಹಟ್ಟಿ ಹೋಟೆಲಿಗೆ ನಾವು ಎಷ್ಟು ಬೇಗ ಹೋದ್ರೂ ಅಜ್ಜಿ ನಮಗಿಂತ ಮೊದಲೇ ಬಂದು ಕೂತಿರ್ತಾರೆ."

ಆಮೇಲೆ ಯಾರೋ ಚೇರ್‌ಲಿಫ್ಟಿನ ಮೇಲೆ ನಡೆದ ಕಥೆ ತೆಗೆಯುತ್ತಿದ್ದರು. ಯಾರದೋ ಟೋಪಿ, ಲೌರಿ ಅಂದ ಒಂದು ಮಾತು, ಅಷ್ಟರಲ್ಲೇ ನಾಲ್ವರೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. "ಏನಾಯ್ತು? ಏನಂದ್ರು?" ಎಂದು ನೆರಿಡಾ ಸೌಟು ಹಿಡಿದು ನಗಲು ತಯಾರಾಗಿ ಕೇಳಿದರೆ ಟೀಗನ್ ಕಣ್ಣೊರೆಸಿಕೊಂಡು, "ಹೇಳಿದ್ರೆ ಗೊತ್ತಾಗಲ್ಲಮ್ಮ. ನೀನು ಅಲ್ಲಿರಬೇಕಿತ್ತು" ಎನ್ನುತ್ತಿದ್ದಳು. ತಯಾರಾದ ನಗುವನ್ನು ಏನು ಮಾಡುವುದೆಂದು ತಿಳಿಯದೆ ನೆರಿಡಾ ಸೂಪು ಬಡಿಸುತ್ತಿದ್ದಳು.

ಆ ವರ್ಷ ಅವಳು ಅಲ್ಲಿರಲು ನಿಶ್ಚಯಿಸಿದಳು.

ಯಾರಿಗೂ ಹೇಳಲಿಲ್ಲ. ಮೊದಲ ದಿನ ಬೆಳಿಗ್ಗೆ ನಾಲ್ವರು ಬಾಗಿಲು ದಾಟಿದ ಮೇಲೆ, ಬಾಡಿಗೆ ಅಂಗಡಿಯಿಂದ ಸ್ಕೀ ತಂದು, ಕೆಳಗಿನ ಮೈದಾನದಲ್ಲಿ ನಡೆಯುವ ಹೊಸಬರ ತರಗತಿಗೆ ಸೇರಿದಳು. ತರಗತಿಯಲ್ಲಿ ಅವಳನ್ನು ಬಿಟ್ಟರೆ ಉಳಿದವರೆಲ್ಲ ಅವಳ ಸೊಂಟದೆತ್ತರದವರು, ತಲೆಗೆ ಮೊಲದ ಕಿವಿಯ ಹೆಲ್ಮೆಟ್ಟು. ಪಾಠ ಹೇಳುವ ಹುಡುಗಿ ಕಮೀಲಾ ಅರ್ಜೆಂಟೀನಾದವಳು, ಚಳಿಗಾಲ ಹುಡುಕಿಕೊಂಡು ದೇಶ ಸುತ್ತುವವಳು.

"ನೀನು ಯಾರ ಅಮ್ಮ?" ಎಂದು ಪಕ್ಕದ ಮೊಲವೊಂದು ಕೇಳಿತು.

"ಇಲ್ಲಿರೋ ಯಾರ ಅಮ್ಮನೂ ಅಲ್ಲ."

"ಮತ್ತೆ ಯಾಕೆ ಬಂದೆ?"

"ಕಲಿಯೋಕೆ."

ಮೊಲ ಅವಳನ್ನು ಮೇಲಿಂದ ಕೆಳಗೆ ನೋಡಿ, ಕನಿಕರದಿಂದ, "ಬಿದ್ದಾಗ ಅಳಬಾರದು, ಆಯ್ತಾ?" ಎಂದಿತು.

ಕಮೀಲಾಳ ಪಾಠದಲ್ಲಿ ಎರಡೇ ಪದಾರ್ಥ. ಸ್ಕೀಗಳ ಮುಂದಿನ ತುದಿ ಕೂಡಿಸಿ ಹಿಂದಿನ ತುದಿ ಅಗಲಿಸಿದರೆ ತ್ರಿಕೋನದ ಪಿಜ್ಜಾ: ನಿಲ್ಲುತ್ತದೆ. ಎರಡನ್ನೂ ಉದ್ದುದ್ದ ಕೊಯ್ದ ಆಲೂಗಡ್ಡೆಯಂತೆ ನೇರ ಜೋಡಿಸಿದರೆ ಚಿಪ್ಸ್: ಹೋಗುತ್ತದೆ. ನೆರಿಡಾಳಿಗೆ ಚಿಪ್ಸ್ ಕಲಿಯಬೇಕಾಗಿಯೇ ಬರಲಿಲ್ಲ, ಅದು ಹುಟ್ಟಿನಿಂದ ಬಂದಿತ್ತು. ಪಿಜ್ಜಾಕ್ಕೇ ಕಷ್ಟ. ಆದರೆ ಆವತ್ತು ಹಿಮ ರಾತ್ರಿಯೆಲ್ಲ ಬಿದ್ದು ಹತ್ತಿಯಂತೆ ಮೆತ್ತಗಿತ್ತು. ಬಿದ್ದರೆ ಯಾರೋ ಹಿಡಿದುಕೊಂಡಂತೆ. ಹಾಗೆ ಯಾರಾದರೂ ಹಿಡಿದುಕೊಂಡು ಅವಳಿಗೆ ಎಷ್ಟೋ ಕಾಲವಾಗಿತ್ತು. ಸುಮಾರು ಸಲ ಬಿದ್ದಳು.

ಅಡುಗೆಗೆ ಸಮಯ ಸಿಗಲಿಲ್ಲ. ಲಾಡ್ಜಿನ ಹತ್ತಿರದ ಅಂಗಡಿಯಿಂದ ಕುಂಬಳಕಾಯಿ ಸೂಪು ತಂದು ತನ್ನ ಪಾತ್ರೆಗೆ ಸುರಿದು, ಡಬ್ಬಿಯನ್ನು ಕಸದ ತಳಕ್ಕೆ ತುರುಕಿದಳು. ಬೆರಿಲ್ ಒಂದು ಚಮಚ ಬಾಯಿಗಿಟ್ಟು ಸೊಸೆಯನ್ನು ನೋಡಿದರು. "ಪರವಾಗಿಲ್ಲ. ಇಷ್ಟು ವರ್ಷಕ್ಕೆ ಉಪ್ಪು ಹಾಕೋದು ಗೊತ್ತಾಗಿದೆ."

ಮಾರನೆಯ ದಿನ ಬಿಸಿಲು ಬಂದು, ರಾತ್ರಿ ಚಳಿ ಹಿಡಿದು, ಮೂರನೆಯ ದಿನಕ್ಕೆ ಮೈದಾನ ಸಿಮೆಂಟಾಯಿತು. ಮೊದಲ ದಿನ ಹಿಡಿದುಕೊಂಡವರೆಲ್ಲ ಈಗ ಹೊಡೆಯಲು ನಿಂತಂತೆ. ಅದರ ಮರುದಿನ ಮಳೆ. ಟ್ರೆಲೋರ್ ಇತಿಹಾಸದಲ್ಲಿ ಅಪರೂಪದ ಘಟನೆ ನಡೆಯಿತು: ನಾಲ್ವರೂ ಲಾಡ್ಜಿನಲ್ಲೇ ಉಳಿದರು. ಲೌರಿ ಬೆಂಕಿ ಹೊತ್ತಿಸಿದ. ಇಸ್ಪೀಟು ತೆಗೆದ.

"ಬಾ ನೆರ್, ಕೂತ್ಕೋ. ಐದು ಜನ ಇದ್ರೆ ಆಟ ಚೆನ್ನಾಗಿರುತ್ತೆ."

ಈ ಮಾತಿಗಾಗಿ ಅವಳು ಮದುವೆಯಾದಾಗಿನಿಂದ ಕಾದಿದ್ದಳು. ಕೇಳಿದ್ದು ಯಾವಾಗ? ಇನ್ನೇನು ಪಾಠ ಶುರುವಾಗುತ್ತದೆ ಎನ್ನುವಾಗ. ಅವಳಿಗೆ ಅಳು ಬಂತು, ನಗುವೂ ಬಂತು. ಎರಡನ್ನೂ ನುಂಗಿ, "ಹಾಲು ಮುಗಿದಿದೆ, ತರ್ತೀನಿ" ಎಂದಳು.

ರೀಸ್ ಫ್ರಿಜ್ ತೆಗೆದು, "ಅಮ್ಮಾ, ಇಲ್ಲಿ ತುಂಬಾ ಹಾಲಿದೆ!" ಎಂದ.

"ಅದು ಕಾಫಿಗೆ. ನಾನು ತರೋದು ಕಸ್ಟರ್ಡಿಗೆ."

"ಕಸ್ಟರ್ಡಿಗೆ ಬೇರೆ ಹಸು ಬೇಕಾ?" ಎಂದರು ಬೆರಿಲ್, ಎಲೆಯಿಂದ ಕಣ್ಣೆತ್ತದೆ.

ಅವಳು ಮಳೆಯಲ್ಲೇ ಹೋದಳು. ನೀರು ಕುಡಿದ ಹಿಮ ಸ್ಕೀಗಳನ್ನು ಕಚ್ಚಿ ಹಿಡಿಯುತ್ತಿತ್ತು. ಮೊಲಗಳಲ್ಲಿ ಅರ್ಧ ಬಂದಿರಲಿಲ್ಲ. ಬಂದವು ಅಳುತ್ತಿದ್ದವು. ಆದರೆ ಆವತ್ತೇ, ಯಾವುದೋ ಒಂದು ಗಳಿಗೆಯಲ್ಲಿ, ನೆರಿಡಾಳ ಕಾಲುಗಳು ಅವಳನ್ನು ಕೇಳದೆಯೇ ಎಡಕ್ಕೆ ತಿರುಗಿದವು, ಆಮೇಲೆ ಬಲಕ್ಕೆ. "ಆಯ್ತು! ಆಯ್ತು!" ಎಂದು ಕಮೀಲಾ ಕೂಗಿದಳು. ನೆರಿಡಾ ಸುತ್ತ ನೋಡಿದಳು. ನೋಡಿದವರಲ್ಲಿ ಅವಳವರು ಯಾರೂ ಇರಲಿಲ್ಲ.

ತೊಟ್ಟಿಕ್ಕುತ್ತ ಲಾಡ್ಜಿಗೆ ಬಂದಾಗ ಆಟ ಮುಗಿದಿತ್ತು.

"ಹಾಲೆಲ್ಲಿ?" ಎಂದರು ಬೆರಿಲ್.

ನೆರಿಡಾ ತನ್ನ ಖಾಲಿ ಕೈ ನೋಡಿಕೊಂಡಳು. "ಅಂಗಡಿ ಮುಚ್ಚಿತ್ತು."

"ಇಷ್ಟು ಹೊತ್ತೂ ಮುಚ್ಚಿತ್ತಾ?"

"ತೆಗೀತಾರೇನೋ ಅಂತ ಕಾದೆ."

ಬೆರಿಲ್ ಅವಳ ಕೆಂಪು ಕೆನ್ನೆಯನ್ನೂ ಹೊಳೆಯುವ ಕಣ್ಣನ್ನೂ ಬಹಳ ಹೊತ್ತು ನೋಡಿ, ಮಗನ ಕಡೆ ತಿರುಗಿ, ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡರು. ಲೌರಿ ಫುಟ್‌ಬಾಲ್ ಸ್ಕೋರು ನೋಡುತ್ತಿದ್ದ.

ಕೊನೆಯ ದಿನ ನೆರಿಡಾ ಸಿದ್ಧಳಾಗಿದ್ದಳು. ಮೇಲಿನಿಂದ ಸುತ್ತಿಬಳಸಿ ಇಳಿಯುವ ಸುಲಭದ ದಾರಿಯೊಂದಿದೆ, ಅದರಲ್ಲಿ ನೀನು ಬರಬಲ್ಲೆ ಎಂದು ಕಮೀಲಾ ಹೇಳಿದ್ದಳು. ಅವಳ ಉಪಾಯ ಇಷ್ಟೇ: ಊಟದ ಹೊತ್ತಿಗೆ ಮುಂಚೆಯೇ ಚೇರ್‌ಲಿಫ್ಟಿನಲ್ಲಿ ಮೇಲಿನ ಹಟ್ಟಿಗೆ ಹೋಗಿ ಕೂರುವುದು. ನಾಲ್ವರೂ ಒಳಗೆ ಬರುವಾಗ ಮೆನು ಕಾರ್ಡಿನಿಂದ ತಲೆಯೆತ್ತಿ, "ಏನು, ತಡ ಮಾಡಿದ್ರಿ?" ಎನ್ನುವುದು. ಈ ಮಾತನ್ನು ಅವಳು ಕರವಾಂಗ್ ಹಕ್ಕಿಯ ಎದುರು ಅಭ್ಯಾಸ ಕೂಡ ಮಾಡಿದ್ದಳು.

ಚೇರ್‌ಲಿಫ್ಟಿನ ಕುರ್ಚಿ ನಾಲ್ಕು ಜನರದು. ಅವಳೊಬ್ಬಳೇ ಕೂತಳು. ಖಾಲಿ ಕುರ್ಚಿ ಗಾಳಿಗೆ ತೂಗುತ್ತಿತ್ತು. ಕೆಳಗೆ ಬಿಳಿ ಇಳಿಜಾರು, ಬಗ್ಗಿದ ಸ್ನೋ ಗಮ್ ಮರಗಳು, ಅವುಗಳ ತೊಗಟೆಯ ಮೇಲಿನ ಹಸಿರು ಕೆಂಪು ಪಟ್ಟೆಗಳು. ಇಷ್ಟು ವರ್ಷ ಅವರು ನಕ್ಕದ್ದು ಇಲ್ಲಿ ಕೂತು ಎಂದುಕೊಂಡಳು. ನಗಬಹುದಾದಂಥದ್ದು ಏನಿದೆಯೆಂದು ಆಚೀಚೆ ನೋಡಿದಳು. ಒಬ್ಬಳೇ ಇದ್ದಾಗ ಅದು ಬರೀ ಕುರ್ಚಿ.

ಹಟ್ಟಿ ಆ ಹೊತ್ತಿಗೆ ಹೆಚ್ಚುಕಡಿಮೆ ಖಾಲಿ. ಕಿಟಕಿಯ ಪಕ್ಕ ಒಬ್ಬರು ಮಾತ್ರ ಬೆನ್ನು ಹಾಕಿ ಕೂತಿದ್ದರು. ಮುಂದೆ ತಣ್ಣಗಾದ ಟೀ. ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ, ಮಂಡಿಗೆ ಬಿಸಿನೀರಿನ ಚೀಲ. ನೇರಳೆ ಬಣ್ಣದ ಟೋಪಿ ನೆರಿಡಾಳೇ ಹೆಣೆದದ್ದು.

"ಬೆರಿಲ್?"

ಬೆರಿಲ್ ತಿರುಗಿದರು. ಬೆರಿಲ್ ನೆರಿಡಾಳ ಸ್ಕೀ ಬೂಟನ್ನು ನೋಡಿದರು, ನೆರಿಡಾ ಬಿಸಿನೀರಿನ ಚೀಲವನ್ನು ನೋಡಿದಳು.

"ಹಾಲಿಗೆ ಬಂದ್ಯಾ?" ಎಂದರು ಬೆರಿಲ್.

"ಸ್ಕೀ ಕಲಿತೆ."

"ಸ್ಕೀ!" ಬೆರಿಲ್ ಉಸಿರು ಬಿಟ್ಟರು. "ನೀನು ದಿನಾ ಹೋಗ್ತಿದ್ದದ್ದು ಸ್ಕೀ ಬಾಡಿಗೆ ಅಂಗಡಿಯ ಆ ಗಡ್ಡದವನ ಹತ್ತಿರ ಅಂದ್ಕೊಂಡಿದ್ದೆ. ಲೌರಿಗೆ ಹೇಗೆ ಹೇಳೋದು ಅಂತ ಎರಡು ದಿನದಿಂದ ನಿದ್ದೆ ಇಲ್ಲ." ಆಮೇಲೆ, "ಇದಕ್ಕಿಂತ ಅದೇ ವಾಸಿಯಿತ್ತೇನೋ, ಮೂಳೆ ಮುರಿಯಲ್ಲ" ಎಂದರು.

ನೆರಿಡಾ ಎದುರಿಗೆ ಕೂತಳು. "ನೀವು ಯಾಕೆ ಇಲ್ಲಿ ಕೂತಿದ್ದೀರಿ? ಅವರೆಲ್ಲ ಎಲ್ಲಿ?"

"ಬೆಟ್ಟದ ಆಚೆ ಕಡೆ. 'ನೀವು ಹೋಗಿ, ನಾನು ನನ್ನ ಪಾಡಿಗೆ ಬರ್ತೀನಿ' ಅಂತೀನಿ. ಹೋಗ್ತಾರೆ." ಬೆರಿಲ್ ಟೀ ಬಟ್ಟಲನ್ನು ಸುಮ್ಮನೆ ತಿರುಗಿಸಿದರು. "ನಮ್ಮನೆಯವರು ನೆವಿಲ್ ತೀರಿಕೊಂಡ ವರ್ಷವೇ ಮಂಡೀನೂ ಹೋಯ್ತು. ಗಂಡ ಹೋದದ್ದನ್ನ ಎಲ್ಲರಿಗೂ ಹೇಳ್ದೆ. ಮಂಡಿ ಹೋದದ್ದನ್ನ ಹೇಳಲಿಲ್ಲ."

"ಮತ್ತೆ ಮರಗಳ ಕೆಳಗೆ ಹಿಟ್ಟು ಹಿಟ್ಟಾಗಿತ್ತು ಅಂತೀರಲ್ಲ ದಿನಾ?"

"ಪಕ್ಕದ ಮೇಜಿನವರು ಮಾತಾಡ್ತಾರೆ. ನನ್ನ ಕಿವಿಗೇನಾಗಿದೆ? ಸಂಜೆ ಚೇರ್‌ಲಿಫ್ಟಲ್ಲೇ ಕೆಳಗಿಳಿದು, ಸ್ಕೀ ಹಾಕ್ಕೊಂಡು, ಸುಸ್ತಾದವಳ ಹಾಗೆ ನಿಂತ್ಕೋತೀನಿ."

"ಲೌರಿಗೆ ಹೇಳ್ಬೋದಿತ್ತಲ್ಲ."

"ಹೇಳಿದ್ರೆ ಏನಾಗುತ್ತೆ?" ಬೆರಿಲ್‌ರ ದನಿ ಏರಿತು. "'ಅಮ್ಮಾ, ನೀನು ಕೆಳಗೆ ಲಾಡ್ಜಲ್ಲಿ ಆರಾಮಾಗಿರು' ಅಂತಾನೆ. ಆ ಲಾಡ್ಜಲ್ಲಿ! ಬೆಳಿಗ್ಗೆಯಿಂದ ಸಂಜೆ ತನಕ, ಆ ಗೊರಗೊರ ಕೇಳ್ಕೊಂಡು, ಒಬ್ಬಳೇ. ಯಾರ ಕೈಲಾಗುತ್ತೆ ಅದು?"

ಹೇಳಿದ ಮೇಲೆ ಅವರಿಗೆ ತಾವು ಯಾರಿಗೆ ಹೇಳುತ್ತಿದ್ದೇವೆಂದು ಹೊಳೆಯಿತು. ನೆರಿಡಾ ಕಿಟಕಿಯಾಚೆ ನೋಡುತ್ತಿದ್ದಳು. ಅಲ್ಲಿ ಗಾಳಿ ಹಿಮದ ಪುಡಿಯನ್ನು ಎತ್ತಿ ಎತ್ತಿ ಒಯ್ಯುತ್ತಿತ್ತು.

"ನೀನೇ ಅಂದೆಯಲ್ಲ, ಆರಾಮಾಗಿರ್ತೀನಿ ಅಂತ" ಎಂದರು ಬೆರಿಲ್, ಸಣ್ಣ ದನಿಯಲ್ಲಿ.

"ಅಂದಿದ್ದೆ."

"ನಾವು ನಂಬಿಬಿಟ್ವಿ."

"ಹೂಂ. ನಂಬಿಬಿಟ್ರಿ."

ಬೆರಿಲ್ ತಮ್ಮ ತಟ್ಟೆಯಲ್ಲಿದ್ದ ಅರ್ಧ ಲ್ಯಾಮಿಂಗ್ಟನ್ ಕೇಕನ್ನು ಮೇಜಿನ ಈಚೆಗೆ ತಳ್ಳಿದರು. ಅವರು ಯಾರಿಗೂ ಕೇಕು ಕೊಟ್ಟ ದಾಖಲೆಯಿಲ್ಲ. ನೆರಿಡಾ ತಿಂದಳು.

ಅಷ್ಟರಲ್ಲಿ ಕೌಂಟರಿನ ಹುಡುಗಿ ಕೂಗಿ ಹೇಳಿದಳು: ಗಾಳಿ ಜೋರಾಗಿದೆ, ಚೇರ್‌ಲಿಫ್ಟುಗಳನ್ನೆಲ್ಲ ನಿಲ್ಲಿಸಿದ್ದಾರೆ, ಹಟ್ಟಿಯನ್ನೂ ಮುಚ್ಚುತ್ತೇವೆ, ಎಲ್ಲರೂ ಸ್ಕೀ ಮಾಡಿಕೊಂಡೇ ಕೆಳಗಿಳಿಯಬೇಕು. ಆಗದವರು ಹೇಳಿದರೆ ರಕ್ಷಣಾ ತಂಡದವರು ಹಿಮದ ಮೇಲೆ ಎಳೆಯುವ ಸ್ಲೆಡ್ಜಿನಲ್ಲಿ ಮಲಗಿಸಿ ಇಳಿಸುತ್ತಾರೆ.

ನೆರಿಡಾ ಅತ್ತೆಯನ್ನು ನೋಡಿದಳು.

"ನೋಡ್ಬೇಡ ಹಾಗೆ" ಎಂದರು ಬೆರಿಲ್. "ಹೆಣದ ಹಾಗೆ ಸುತ್ತಿಸ್ಕೊಂಡು ಇಡೀ ಕ್ಲಬ್ಬಿನ ಮುಂದೆ ಇಳಿಯೋದಾ? ಅದನ್ನ ಸತ್ತ ಮೇಲೆ ನೋಡೋಣ. ಏಳು."

"ನನಗೆ ಪಿಜ್ಜಾ ಒಂದೇ ಬರೋದು."

"ಈ ಮಂಡೀಲಿ ನನಗೆ ಅದೊಂದೇ ಆಗದೆ ಇರೋದು. ಬ್ರೇಕು ನಿಂದು, ತಲೆ ನಂದು. ನಡಿ."

ಹೀಗೆ ಆ ಮಧ್ಯಾಹ್ನ ಬೆಟ್ಟದ ತುದಿಯಿಂದ ಒಂದು ವಿಚಿತ್ರ ರೈಲು ಹೊರಟಿತು. ಮುಂದೆ ಇಂಜಿನ್ನು ನೆರಿಡಾ, ಕಾಲುಗಳನ್ನು ಅಡುಗೆಮನೆಯಷ್ಟು ಅಗಲಿಸಿ. ಅವಳು ತನ್ನ ಎರಡು ಕೋಲುಗಳನ್ನು ಹಿಂದಕ್ಕೆ ಚಾಚಿದ್ದಳು, ಅವುಗಳ ತುದಿ ಹಿಡಿದು ಹಿಂದೆ ಬೋಗಿ ಬೆರಿಲ್. ಮೇಲೆ ಹಿಮ ಗಾಜಾಗಿತ್ತು, ಗಾಳಿ ಮುಖಕ್ಕೆ ಹಿಮವನ್ನು ಮರಳಿನಂತೆ ಎರಚುತ್ತಿತ್ತು.

"ಎಡಕ್ಕೆ!"

"ಬರ್ತಿಲ್ಲ!"

"ಬಲಗಾಲಿನ ಮೇಲೆ ಭಾರ ಹಾಕು. ಎಡಕ್ಕೆ ಹೋಗುತ್ತೆ."

"ಎಡಕ್ಕೆ ಹೋಗೋಕೆ ಬಲಗಾಲಾ?"

"ಈ ಪ್ರಶ್ನೇನ ಪ್ರಪಾತ ದಾಟಿದ ಮೇಲೆ ಕೇಳು!"

ನೆರಿಡಾ ಬಲಗಾಲಿನ ಮೇಲೆ ಭಾರ ಹಾಕಿದಳು. ರೈಲು ಎಡಕ್ಕೆ ತಿರುಗಿತು. ಪ್ರಪಾತ (ನಿಜ ಹೇಳಬೇಕೆಂದರೆ ಒಂದು ಸಣ್ಣ ಹಳ್ಳ) ಬಲಕ್ಕೆ ಸರಿದುಹೋಯಿತು.

"ನಿನಗೆ ಇದನ್ನ ಕಲಿಸಿದೋರು ಯಾರು?" ಬೆನ್ನ ಹಿಂದಿನಿಂದ ದನಿ.

"ಕಮೀಲಾ ಅಂತ. ಐದು ವರ್ಷದ ಮಕ್ಕಳ ಜೊತೆ."

"ಪರವಾಗಿಲ್ಲ. ನನ್ನ ಮಗ ತಳ್ಳಿದ್ದಕ್ಕಿಂತ ಚೆನ್ನಾಗಿ ಕಲಿಸಿದ್ದಾಳೆ." ಸ್ವಲ್ಪ ಹೊತ್ತಾದ ಮೇಲೆ, "ಆವತ್ತು ನೀನು ನನ್ನ ಮೇಲೆ ಬಿದ್ಯಲ್ಲ. ನಾನು ಎದ್ದು ಬೈದೆ. ಕೈ ಕೊಟ್ಟು ಎಬ್ಬಿಸಬೇಕಿತ್ತು" ಎಂದಿತು ದನಿ. ನೆರಿಡಾ ಕೇಳಿಸಿಕೊಂಡಳು. ತಿರುಗಿ ನೋಡಲಾಗಲಿಲ್ಲ, ತಿರುಗಿದರೆ ಇಬ್ಬರೂ ಬೀಳುತ್ತಿದ್ದರು.

ಮಧ್ಯದಲ್ಲಿ ಗಾಜು ಗಂಜಿಯಾಯಿತು. ಅಲ್ಲೊಮ್ಮೆ ರೈಲು ಹಳಿ ತಪ್ಪಿ ಇಬ್ಬರೂ ಕೂತುಬಿಟ್ಟರು. ಬೆರಿಲ್ ನೋವಿಗೆ ತುಟಿ ಕಚ್ಚಿದರು. ನೆರಿಡಾ ಅವರ ಕಂಕುಳಿಗೆ ಕೈ ಕೊಟ್ಟು, ಗೋಣಿಚೀಲ ಎತ್ತುವಂತೆ ಎತ್ತಿ ನಿಲ್ಲಿಸಿದಳು. ಎಷ್ಟು ಹಗುರವಾಗಿದ್ದಾರೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. "ಯಾರಿಗೂ ಹೇಳಬೇಡ" ಎಂದರು ಬೆರಿಲ್, ಅವಳ ಕೋಟಿನೊಳಗೆ ಮುಖವಿಟ್ಟುಕೊಂಡೇ. "ಮಂಡಿ ವಿಷಯ. ಮಾತು ಕೊಡು."

ನೆರಿಡಾ ಮಾತು ಕೊಟ್ಟಳು. ಕೊಡುವಾಗ ಅದರ ಬೆಲೆ ಅವಳಿಗೆ ತಿಳಿದಿರಲಿಲ್ಲ.

ಕೆಳಭಾಗದಲ್ಲಿ ಹಿಮವೇ ಹರಿದುಹೋಗಿತ್ತು. ಅಲ್ಲಲ್ಲಿ ಹುಲ್ಲು, ಕೆಸರು, ನಡುವೆ ಬಿಳಿಯ ಒಂದು ಪಟ್ಟಿ. ಆ ಪಟ್ಟಿಯ ಮೇಲೆ ರೈಲು ಒಳ್ಳೆಯ ವೇಗದಲ್ಲಿ ಬಂದು, ಹುಲ್ಲು ದಾಟಿ, ಕೆಸರು ಹಾರಿಸಿ, ಕಾಫಿ ಅಂಗಡಿಯ ಮುಂದೆ ಬಿಸಿ ಚಾಕೊಲೇಟ್ ಕುಡಿಯುತ್ತಿದ್ದ ಮೂವರ ಕಾಲಬುಡದಲ್ಲಿ ನಿಂತಿತು. ನಿಂತೇ ನಿಂತಿತು, ಬೀಳಲಿಲ್ಲ. ಮೂವರೂ ಅವಳವರೇ. ನೆರಿಡಾ ಕನ್ನಡಕ ಮೇಲಕ್ಕೆ ಸರಿಸಿ, ಎದೆ ಉಬ್ಬಿಸಿ, ಅವರ ಮುಖಗಳನ್ನು ನೋಡಿದಳು.

ಲೌರಿಯ ಬಾಯಿ ಬಿಟ್ಟುಕೊಂಡಿತ್ತು. ಟೀಗನ್ ಬಟ್ಟಲು ಕೆಳಗಿಟ್ಟಳು. ರೀಸ್ ಓಡಿಬಂದು, ಅಮ್ಮನನ್ನು ದಾಟಿ, ಅಜ್ಜಿಯನ್ನು ತಬ್ಬಿಕೊಂಡ.

"ಅಜ್ಜೀ! ಅಮ್ಮನ್ನ ಈ ಗಾಳೀಲಿ ಕೆಳಗಿಳಿಸಿಕೊಂಡು ಬಂದ್ರಾ!"

"ಅಮ್ಮಾ, ನೀನು ಮೇಲೆ ಹೇಗೆ ಹೋದೆ? ಹುಚ್ಚಾ ನಿನಗೆ?" ಎಂದಳು ಟೀಗನ್. "ಅಜ್ಜಿ ಸಿಗದೆ ಇದ್ದಿದ್ರೆ?"

ಲೌರಿ ತಾಯಿಯ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. "ಅಮ್ಮಾ, ನನ್ನ ಕೈಲಿ ಕಲಿಸೋಕೆ ಆಗ್ಲಿಲ್ಲ. ನೀನು ಕಲಿಸಿಬಿಟ್ಟೆ."

ನೆರಿಡಾ ಬಾಯಿ ತೆರೆದಳು. ಮೊಲಗಳು, ಕಮೀಲಾ, ಮಳೆ, ಸಿಮೆಂಟು, ಎಲ್ಲವೂ ನಾಲಿಗೆಯ ತುದಿಗೆ ಬಂತು. ಮಾತು ಕೊಟ್ಟದ್ದೂ ಬಂತು. ಬೆರಿಲ್ ಅವಳನ್ನು ನೋಡಿದರು. ಆ ನೋಟದಲ್ಲಿ ನೆರಿಡಾ ಎಂದೂ ಕಾಣದ ಹೆದರಿಕೆಯಿತ್ತು. ಅವಳು ಬಾಯಿ ಮುಚ್ಚಿದಳು.

ಬೆರಿಲ್ ನೆಟ್ಟಗಾದರು. "ಹುಡುಗಿ ಮೋಸವಿಲ್ಲ" ಎಂದರು. "ಎಡ ತಿರುವು ಇನ್ನೂ ಸ್ವಲ್ಪ ದುರಸ್ತಿಯಾಗಬೇಕು."

ಮುಂದಿನ ಜುಲೈಗೆ ನೆರಿಡಾಳಿಗೆ ಸ್ವಂತ ಸ್ಕೀ ಬಂತು, ಲೌರಿಯ ಉಡುಗೊರೆ. ಹಿಮವೂ ಆ ವರ್ಷ ಭರ್ಜರಿ. ಚೇರ್‌ಲಿಫ್ಟಿನ ಸಾಲಿನಲ್ಲಿ ಐವರೂ ನಿಂತರು. ಕುರ್ಚಿ ನಾಲ್ಕೇ ಜನರದು ಎಂಬ ವಿಷಯ ಆಗ ಎಲ್ಲರ ಗಮನಕ್ಕೆ ಬಂತು.

"ನಾವು ಮೂವರು ಮುಂದೆ ಹೋಗ್ತೀವಿ" ಎಂದ ಲೌರಿ. "ನೆರ್, ನೀನು ಅಮ್ಮನ ಜೊತೆ ಹಿಂದಿನ ಕುರ್ಚೀಲಿ ಬಾ. ಅವರು ನಿನ್ನ ನೋಡ್ಕೋತಾರೆ."

ಮೇಲೆ ತಲುಪುವಷ್ಟರಲ್ಲಿ ಮೂವರು ಬೆಟ್ಟದಾಚೆ ಮಾಯ. ಬೆರಿಲ್ ಹಟ್ಟಿಯ ಕಿಟಕಿಯ ಪಕ್ಕ ಕಾಲು ಚಾಚಿ ಕೂತರು. ಟೀ ಬಂತು.

"ನೀನು ಹೋಗು, ಒಂದು ಸುತ್ತು ಹಾಕ್ಕೊಂಡು ಬಾ. ಬರೀ 'ಚೆನ್ನಾಗಿತ್ತು' ಅಂತ ಬಂದ್ರೆ ನಡಿಯಲ್ಲ. ಸರಿಯಾಗಿ ನೋಡು."

ನೆರಿಡಾ ಒಬ್ಬಳೇ ಇಳಿದಳು. ಎಡಗಡೆಯ ಮರಗಳ ಕೆಳಗೆ ಯಾರೂ ಇರಲಿಲ್ಲ. ಕೊಂಬೆಯಿಂದ ಹಿಮ ಬೀಳುವ ಪುಸ್ ಎಂಬ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳು ನಿಂತಳು. ಈ ಬಿಳುಪಿನ ನಡುವೆ ತಾನು ಲಾಡ್ಜಿನಲ್ಲಿದ್ದಷ್ಟೇ ಒಂಟಿ ಎಂದು ಅವಳಿಗೆ ಅನ್ನಿಸಿತು. ಆದರೆ ಮೇಲೊಬ್ಬರು ವಿಷಯಕ್ಕಾಗಿ ಕಾಯುತ್ತಿದ್ದಾರೆ. ಬಗ್ಗಿ ಹಿಮವನ್ನು ಕೈಯಲ್ಲಿ ಹಿಡಿದು ಹಿಸುಕಿ ನೋಡಿದಳು.

ಹಟ್ಟಿಗೆ ವಾಪಸಾಗಿ ಹೇಳಿದಳು. ಬೆರಿಲ್ ಕಣ್ಣು ಮುಚ್ಚಿ ಕೇಳಿದರು. "ಮೇಲಿನ ಪದರ ಬಿಗಿದಿತ್ತಾ? ಸ್ಕೀ ಕೊಯ್ಯುವಾಗ ಸದ್ದು ಹೇಗಿತ್ತು?" ನೆರಿಡಾ ನೆನಪಿಸಿಕೊಂಡು, "ಹೊಸ ಬಟ್ಟೆ ಹರಿದ ಹಾಗೆ" ಎಂದಳು. ಬೆರಿಲ್ ಕಣ್ಣು ತೆರೆಯಲಿಲ್ಲ, ಕಾಲ್ಬೆರಳುಗಳು ಮಾತ್ರ ಕಾಲುಚೀಲದೊಳಗೆ ಮೆಲ್ಲಗೆ ಎಡಕ್ಕೆ ಬಲಕ್ಕೆ ಆಡಿದವು.

ರಾತ್ರಿಯೂಟಕ್ಕೆ ಕೂತಾಗ ಬೆರಿಲ್ ಚಮಚ ಕೆಳಗಿಟ್ಟರು. "ಎಡಗಡೆ ಮರಗಳ ಕೆಳಗೆ ಹೋಗಿದ್ದೆ" ಎಂದು ಶುರು ಮಾಡಿದರು. "ಮೇಲಿನ ಪದರ ಬಿಗಿದಿತ್ತು, ಒಳಗೆ ಹಿಟ್ಟು. ಸ್ಕೀ ಕೊಯ್ದಾಗ ಸದ್ದು ಹೇಗಿತ್ತು ಅಂತೀರಿ? ಹೊಸ ಬಟ್ಟೆ ಹರಿದ ಹಾಗೆ."

ಮೇಜು ಮೌನವಾಯಿತು. "ಅಜ್ಜಿ ಗ್ರೇಟ್" ಎಂದ ರೀಸ್.

ಲೌರಿ ಹೆಂಡತಿಯ ಕಡೆ ತಿರುಗಿದ. "ಕೇಳಿಸ್ಕೊಂಡ್ಯಾ ನೆರ್? ನೀನೂ ಅದೇ ದಾರೀಲಿ ಇಳಿದ್ಯಲ್ಲ. ಇದೆಲ್ಲ ಗಮನಿಸಿದ್ಯಾ?"

ಮೇಜಿನ ಕೆಳಗೆ ಒಂದು ಕಾಲು, ಕೆಡದೆ ಉಳಿದಿದ್ದ ಕಾಲು, ನೆರಿಡಾಳ ಪಾದವನ್ನು ಬಲವಾಗಿ ಒತ್ತಿತು.

"ಇಲ್ಲ" ಎಂದಳು ನೆರಿಡಾ. "ನನಗೆ ಅಷ್ಟೆಲ್ಲ ಗೊತ್ತಾಗಲ್ಲ."

"ಬೈಬೇಡ ಅವಳನ್ನ" ಎಂದರು ಬೆರಿಲ್ ಉದಾರವಾಗಿ, ತಟ್ಟೆ ಮುಂದೆ ಚಾಚುತ್ತ. "ನನ್ನ ಜೊತೇಲಿ ಇರ್ತಾಳಲ್ಲ, ನಿಧಾನಕ್ಕೆ ಕಲೀತಾಳೆ."